ಗುಂಡುಕಲ್ಲಿನ ಪಂದ್ಯ

ಯಾದಗಿರಿ, ಶಹಾಪುರ, ಸುರಪುರದ ಕಡೆ ಹಬ್ಬ-ಜಾತ್ರೆ ಬಂತೆಂದರೆ ಗುಂಡುಕಲ್ಲು ಎತ್ತುವ ಪಂದ್ಯ ನೆನಪಾಗತದ. ದುಂಡನೆಯ ಕಲ್ಲು, ಹಿಡಿಕೆ ಇಲ್ಲ. ಮೊದಲು ತೊಡೆಗೆ, ಆಮೇಲೆ ಎದೆಗೆ, ಕಡೆಗೆ ಹೆಗಲಿಗೇರಿಸಿ ಹಿಂದಕ್ಕೆ ಒಗೀಬೇಕು. ಈ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ತೂಕವೆಲ್ಲ ಮಣ-ಸೇರಿನದು; 1958ರಲ್ಲಿ ದೇಶಕ್ಕೆ ಕಿಲೋ ಬಂತು. ಕಲ್ಲಿಗೆ ಮಾತ್ರ ತಕ್ಕಡಿ ಬೇಕಾಗಲಿಲ್ಲ. ಅಜ್ಜ ಎತ್ತಿದ್ದನ್ನೇ ಮೊಮ್ಮಗ ಎತ್ತಬೇಕು, ಅದೇ ಅಳತೆ!

ಜೋಳದ ಚೀಲ ಎತ್ತುವವರೂ ಉಂಟು. ಅದು ಕಣದಲ್ಲೇ ಕಲಿತ ವಿದ್ಯೆ. ಆದರೆ ಪಂದ್ಯ ಒಂದು ದಿನದ್ದು, ಹೊರೆ ದಿನಾ ಇರೋದು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲೇ ಗಂಡಾಳಿನ ಹೊರೆಯನ್ನು 55 ಕಿಲೋಕ್ಕೆ ಇಳಿಸಿರೆಂದು ಸಲಹೆ ಕೊಟ್ಟಿತು. ಕ್ವಿಂಟಲ್ ಚೀಲ ಹೊತ್ತು ನಡ ಹಿಡಿದವರು ನಮ್ಮ ಊರುಗಳಲ್ಲಿ ಕಡಿಮೆಯೇ? ಯೂರಿಯಾ ಚೀಲ 2018ರಲ್ಲಿ 45 ಕಿಲೋಕ್ಕೆ ಇಳಿಯಿತು. ಕಾಳಿನ ಚೀಲವನ್ನೂ ಐವತ್ತು ಕಿಲೋಕ್ಕೇ ಹೊಲಿಸಿರಿ.