ಕೊರಳ ಹಾರದಂಥ ಸಂಖ್ಯೆ

ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆ ರಾಷ್ಟ್ರಕೂಟರ ಆಳ್ವಿಕೆಯಲ್ಲಿದ್ದ 9ನೇ ಶತಮಾನ. ಅಮೋಘವರ್ಷ ನೃಪತುಂಗನನ್ನು ಸ್ತುತಿಸಿ ಜೈನ ಗಣಿತಜ್ಞ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ. ಗುಣಾಕಾರಕ್ಕೆ ಆತ ಕೊಟ್ಟ ಲೆಕ್ಕಗಳಲ್ಲೊಂದು: 27994681ನ್ನು 441ರಿಂದ ಗುಣಿಸಿ. ಉತ್ತರ 12345654321. ಯಾವ ತುದಿಯಿಂದ ಓದಿದರೂ ಅದೇ! ಇಂಥ ಸಂಖ್ಯೆಗಳನ್ನು ಆತ ಕೊರಳ ಹಾರಕ್ಕೆ ಹೋಲಿಸಿದ್ದಾನೆ.

ಗುಟ್ಟು ಇಷ್ಟೇ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. ಇವೆರಡರ ಮೂಲಗಳನ್ನು ಗುಣಿಸಿದರೆ 111111. ಅದರ ವರ್ಗವೇ ಈ ಹಾರ. ಕಾಗದದ ಮೇಲೆ ಗುಣಿಸಿದರೆ, ಒಂದೊಂದು ಸ್ಥಾನ ಸರಿದು ಕೂಡುವ ಒಂದುಗಳು ನಡುವೆ ಆರಕ್ಕೇರಿ ಮತ್ತೆ ಇಳಿಯುವುದು ಕಣ್ಣಿಗೇ ಕಾಣುತ್ತದೆ. ಒಂಬತ್ತು ಒಂದುಗಳವರೆಗೆ ಮಾತ್ರ ಈ ಚೆಲುವು. ಹತ್ತಾದರೆ ದಶಕ ಬಂದು ಹಾರ ಹರಿಯುತ್ತದೆ.

ನೃಪತುಂಗನೆಂದರೆ ‘ಕವಿರಾಜಮಾರ್ಗ’ವನ್ನಷ್ಟೇ ನೆನೆಯುವುದು ರೂಢಿ. ಈ ಗಣಿತಗ್ರಂಥ ಎಂ. ರಂಗಾಚಾರ್ಯರ ಇಂಗ್ಲಿಷ್ ಅನುವಾದದೊಡನೆ ಮದ್ರಾಸಿನಲ್ಲಿ ಅಚ್ಚಾದದ್ದು 1912ರಲ್ಲಿ.