ಗೊರಬಿನಿಂದ ಗೋರ್‌ಟೆಕ್ಸ್‌ವರೆಗೆ: ಮಳೆ ಒಳಗೆ ಬರಬಾರದು, ಬೆವರು ಒಳಗೆ ಉಳಿಯಬಾರದು

ಈ ಸಲದ ಮಾತು ಒಂದು ಉಡುಪಿನ ಚರಿತ್ರೆ. ಹಿಮದಲ್ಲಿ ಸ್ಕೀ ಮಾಡುವಾಗ ಹಾಕಿಕೊಳ್ಳುವ, ನೀರು ಒಳಗೆ ಬಿಡದ ಆದರೆ ಬೆವರಿನ ಆವಿಯನ್ನು ಹೊರಗೆ ಬಿಡುವ ಜಾಕೆಟ್ ಇದೆಯಲ್ಲ, ಅದರದ್ದು.

ಪುಣೆಯವರಿಗೆ ಇದೇಕೆ ಅಂತ ಕೇಳಬಹುದು. ನಮ್ಮಲ್ಲಿ ಎಷ್ಟೋ ಜನ ಜನವರಿಯಲ್ಲಿ ಗುಲ್ಮಾರ್ಗ್‌ಗೆ ಸ್ಕೀ ಕಲಿಯೋಕೆ ಹೋಗ್ತಾರೆ, ಜುಲೈನಲ್ಲಿ ಕಾತ್ರಜ್‌ನಿಂದ ಸಿಂಹಗಡಕ್ಕೆ ಗುಡ್ಡ ಹತ್ತಿಳಿದು ನಡೀತಾರೆ. ಎರಡಕ್ಕೂ ಅದೇ ಜಾಕೆಟ್, ಇಪ್ಪತ್ತು ಮೂವತ್ತು ಸಾವಿರ ಕೊಟ್ಟು ತಂದದ್ದು. ಗುಲ್ಮಾರ್ಗ್‌ನಲ್ಲಿ ಭೇಷ್ ಅನ್ನಿಸಿಕೊಂಡ ಜಾಕೆಟ್ ಸಿಂಹಗಡದ ಮಳೆಯಲ್ಲಿ ಒಳಗಿನಿಂದಲೇ ತೊಪ್ಪೆಯಾಗುತ್ತೆ. ಆಗ ‘ದುಡ್ಡು ಹೋಯ್ತು, ಮೋಸ ಹೋದ್ವಿ’ ಅಂತಾರೆ. ಜಾಕೆಟ್ ಮೋಸ ಮಾಡಿರಲ್ಲ. ಅದು ಯಾವ ಹವೆಗೆ ಹುಟ್ಟಿದ್ದು ಅನ್ನೋದನ್ನ ನಾವು ಕೇಳಿರಲ್ಲ, ಅಷ್ಟೆ.

ಸಹ್ಯಾದ್ರಿಯ ಉತ್ತರ

ಮಳೆಯಲ್ಲಿ ದುಡಿಯುವವರಿಗೆ ಎರಡು ಕಷ್ಟ. ಮೇಲಿನಿಂದ ಮಳೆ, ಒಳಗಿನಿಂದ ಬೆವರು. ಮೈಯನ್ನು ಪೂರ್ತಿ ಮುಚ್ಚಿದರೆ ಮಳೆ ನಿಲ್ಲುತ್ತೆ, ಆದರೆ ಬೆವರೂ ಒಳಗೇ ನಿಲ್ಲುತ್ತೆ.

ಕರಾವಳಿ ಮತ್ತು ಮಲೆನಾಡಿನಲ್ಲಿ ನಾಟಿ ಮಾಡುವ ಹೆಂಗಸರು ಗೊರಬು ಹಾಕ್ಕೊಳ್ತಿದ್ದರು. ಬಿದಿರಿನ ಸೀಳುಗಳ ಚೌಕಟ್ಟಿಗೆ ಎಲೆ ಹೊದಿಸಿದ, ತಲೆಯಿಂದ ಸೊಂಟದ ಕೆಳಗಿನವರೆಗೆ ಬೆನ್ನನ್ನು ಮುಚ್ಚುವ ದೋಣಿಯಂಥ ಹೊದಿಕೆ. ಕೊಂಕಣದಲ್ಲಿ ಮರಾಠಿಯವರು ಇಂಥದ್ದನ್ನೇ ಇರಲೆ ಅಂತಾರೆ. ಇದರ ಜಾಣತನ ನೋಡಿ: ಅದು ಮೈಗೆ ಅಂಟಲ್ಲ, ಮುಂದೆ ಪೂರ್ತಿ ತೆರೆದಿರುತ್ತೆ. ಬಗ್ಗಿ ಕೆಲಸ ಮಾಡುವಾಗ ಬೆನ್ನಿನ ಮೇಲೆ ಸೂರು, ಕೆಳಗೆ ಗಾಳಿ. ಬೆವರಿಗೆ ಹೋಗಲು ದಾರಿ ಇದ್ದೇ ಇತ್ತು.

ಇನ್ನೊಂದು ಉತ್ತರ ಕಂಬಳಿ. ದಖ್ಖನಿ ಕುರಿಯ ಒರಟು ಉಣ್ಣೆಯಿಂದ ನಮ್ಮ ಕಡೆ ಕುರುಬರು, ಇಲ್ಲಿ ಧನಗರರು ನೇಯ್ದದ್ದು. ಮರಾಠಿಯಲ್ಲಿ ಘೋಂಗಡಿ. ನೂಲಿಗೆ ಹುಣಸೆಬೀಜದ ಗಂಜಿ ಕುಡಿಸಿ ಬಿಗಿ ಮಾಡುತ್ತಾರೆ. ಒಂದು ಮೂಲೆಯನ್ನು ಒಳಕ್ಕೆ ಮಡಚಿ ತಲೆಗೆ ಹಾಕಿಕೊಂಡರೆ ಅದೇ ಕೊಪ್ಪೆ. ಉಣ್ಣೆಯ ಎಳೆಯ ಹೊರಮೈ ನೀರನ್ನು ದೂರ ತಳ್ಳುತ್ತೆ, ಒಳಭಾಗ ಆವಿಯನ್ನು ಹೀರುತ್ತೆ. ತನ್ನ ತೂಕದ ಸುಮಾರು 30 ಶೇಕಡಾದಷ್ಟು ತೇವ ಕುಡಿದರೂ ಮುಟ್ಟಿದರೆ ಒದ್ದೆ ಅನ್ನಿಸಲ್ಲ. ಹೀರುವಾಗ ಸ್ವಲ್ಪ ಬಿಸಿಯನ್ನೂ ಬಿಡುತ್ತೆ. ಜೋರು ಮಳೆಗೆ ಕಂಬಳಿ ನೆನೆದು ಭಾರವಾಗುತ್ತೆ, ನಿಜ. ಆದರೆ ಒದ್ದೆಯಾದರೂ ಬೆಚ್ಚಗಿರುತ್ತೆ.

ರಬ್ಬರಿನ ಕಾಲ

1823ರಲ್ಲಿ ಗ್ಲಾಸ್ಗೋದ ರಸಾಯನಶಾಸ್ತ್ರಜ್ಞ ಚಾರ್ಲ್ಸ್ ಮ್ಯಾಕಿಂತೋಷ್ ಒಂದು ಪೇಟೆಂಟ್ ಪಡೆದ. ಕಲ್ಲಿದ್ದಲ ಅನಿಲದ ಕಾರ್ಖಾನೆಗಳಲ್ಲಿ ಉಳಿಕೆಯಾಗಿ ಸಿಗುವ ನಾಫ್ತಾದಲ್ಲಿ ರಬ್ಬರ್ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಒತ್ತಿದ. ನೀರು ಪೂರ್ತಿ ನಿಂತಿತು. ಆದರೆ ಬಿಸಿಲಿಗೆ ಕೋಟು ಅಂಟಂಟು, ಚಳಿಗೆ ಸೆಟೆದು ಹಲಗೆ. 1840ರ ದಶಕದಲ್ಲಿ ಅಮೆರಿಕದ ಗುಡ್‌ಇಯರ್, ಇಂಗ್ಲೆಂಡಿನ ಹ್ಯಾನ್‌ಕಾಕ್ ರಬ್ಬರಿಗೆ ಗಂಧಕ ಸೇರಿಸಿ ಕಾಯಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ ಈ ತೊಂದರೆ ನೀಗಿತು. ಬೆವರಿನ ತೊಂದರೆ ಮಾತ್ರ ಹಾಗೇ ಉಳಿಯಿತು.

ನಮ್ಮ ದೇಶದಲ್ಲಿ ಈ ದಾರಿ ಹಿಡಿದವರು ಕಲ್ಕತ್ತೆಯ ಸುರೇಂದ್ರ ಮೋಹನ್ ಬೋಸ್. 1920ರಲ್ಲಿ ಅವರು ಶುರು ಮಾಡಿದ ಬೆಂಗಾಲ್ ವಾಟರ್‌ಪ್ರೂಫ್‌ನ ‘ಡಕ್‌ಬ್ಯಾಕ್’ ರೇನ್‌ಕೋಟನ್ನು ಶಾಲೆಗೆ ಹಾಕಿಕೊಂಡು ಹೋದವರು ನಿಮ್ಮಲ್ಲೂ ಇರಬಹುದು. ಒಳಗೆ ಆಗ್ತಿದ್ದ ಧಗೆ ನೆನಪಿದೆಯಲ್ಲ?

ಇನ್ನೊಂದು ಕಡೆ ಥಾಮಸ್ ಬರ್ಬೆರಿ 1879ರಲ್ಲಿ ನೂಲಿಗೇ ಮೊದಲು ನೀರುನಿರೋಧಕ ಹಾಕಿ, ಆಮೇಲೆ ಒತ್ತಾಗಿ ನೇಯುವ ಗ್ಯಾಬರ್ಡಿನ್ ತಂದ. 1911ರಲ್ಲಿ ದಕ್ಷಿಣ ಧ್ರುವ ಮುಟ್ಟಿದ ಅಮುಂಡ್ಸೆನ್ ತಂಡದ ಬಳಿ ಈ ಬಟ್ಟೆ ಇತ್ತು. ಇದು ಉಸಿರಾಡುತ್ತೆ, ಆದರೆ ಸುರಿಯುವ ಮಳೆಯಲ್ಲಿ ಕೊನೆಗೆ ನೀರು ಬಿಡುತ್ತೆ.

ಹಿಮಕ್ಕೆ ಕೊಡಗಿನವರೊಬ್ಬರು

ಇಲ್ಲಿ ನಮ್ಮವರೊಬ್ಬರನ್ನು ನೆನೆಯಬೇಕು. ಮಡಿಕೇರಿಯಲ್ಲಿ 1906ರಲ್ಲಿ ಹುಟ್ಟಿದ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಮಳೆ ನಾಡಿನ ಈ ಸೇನಾಧಿಕಾರಿ 1948ರಲ್ಲಿ ಕಾಶ್ಮೀರದಲ್ಲಿ 19ನೇ ಪದಾತಿ ಡಿವಿಷನ್ನಿನ ಮುಖ್ಯಸ್ಥರಾಗಿದ್ದರು. ನವೆಂಬರ್‌ನಲ್ಲಿ ಜೋಜಿ ಲಾ ಕಣಿವೆದಾರಿಗೆ ಟ್ಯಾಂಕ್ ಏರಿಸಿದವರು ಇವರೇ. ಅದೇ ಡಿಸೆಂಬರ್‌ನಲ್ಲಿ ಗುಲ್ಮಾರ್ಗ್‌ನಲ್ಲಿ ಡಿವಿಷನ್ನಿನ ಸ್ಕೀ ಶಾಲೆ ಶುರು ಮಾಡಿದರು. ಅದೇ ಮುಂದೆ ಬೆಳೆದು ಸೇನೆಯ ಹೈ ಆಲ್ಟಿಟ್ಯೂಡ್ ವಾರ್‌ಫೇರ್ ಸ್ಕೂಲ್ ಆಯಿತು. ಬೆವರಿನ ಪ್ರಶ್ನೆ ಅಲ್ಲಿ ಬರೀ ಕಿರಿಕಿರಿಯದ್ದಲ್ಲ. ಹತ್ತುವಾಗ ಬೆವರಿ, ನಿಂತಾಗ ಆ ಬೆವರು ತಣ್ಣಗಾದರೆ ಮೈಶಾಖವೇ ಇಳಿದುಹೋಗುತ್ತೆ, ಜೀವಕ್ಕೆ ಅಪಾಯ. ಈಗಿನ ಜಾಕೆಟ್ ಆಗಿನ್ನೂ ಹುಟ್ಟಿರಲಿಲ್ಲ.

ಒಂದು ಜಗ್ಗು

1938ರಲ್ಲಿ ಡ್ಯುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್ ಅಕಸ್ಮಾತ್ತಾಗಿ ಪಿಟಿಎಫ್‌ಇ ಕಂಡುಹಿಡಿದ. ಅಂಟದ ಕಾವಲಿಯ ಟೆಫ್ಲಾನ್ ಅದೇ. ಅದೇ ಕಂಪನಿ ಬಿಟ್ಟು ಬಂದ ಬಿಲ್ ಗೋರ್ 1958ರಲ್ಲಿ ತನ್ನದೇ ಕಂಪನಿ ಕಟ್ಟಿದ. 1969ರ ಅಕ್ಟೋಬರ್‌ನಲ್ಲಿ ಅವನ ಮಗ ಬಾಬ್ ಗೋರ್ ಕಾದ ಪಿಟಿಎಫ್‌ಇ ಕಡ್ಡಿಗಳನ್ನು ನಿಧಾನವಾಗಿ ಎಳೀತಿದ್ದ. ಎಲ್ಲಾ ಮುರೀತಿದ್ದವು. ಬೇಸತ್ತು ಒಂದನ್ನು ಫಟ್ ಅಂತ ಜಗ್ಗಿದ. ಅದು ಮುರಿಯದೆ ಸುಮಾರು ಹತ್ತು ಪಟ್ಟು ಹಿಗ್ಗಿತು. ಹಿಗ್ಗಿದ್ದರಲ್ಲಿ ಸುಮಾರು 70 ಶೇಕಡಾ ಗಾಳಿ! ಅದರಲ್ಲಿನ ರಂಧ್ರಗಳು ನೀರಿನ ಹನಿಗೆ ತೀರಾ ಚಿಕ್ಕವು, ಆವಿಯ ಕಣಕ್ಕೆ ಸಾಕಷ್ಟು ದೊಡ್ಡವು. 1976ರಲ್ಲಿ ಇದರ ಪೇಟೆಂಟ್ ಬಂತು, ಮುಂದೆ ಜಾಕೆಟ್ಟೂ ಮಾರುಕಟ್ಟೆಗೆ ಬಂತು.

ಕಥೆಗೆ ಒಂದು ತಿರುವಿದೆ. ನ್ಯೂಜಿಲೆಂಡಿನ ಜಾನ್ ಕ್ರಾಪರ್ 1966ರಲ್ಲೇ ಪಿಟಿಎಫ್‌ಇ ಹಿಗ್ಗಿಸುವ ಯಂತ್ರ ಮಾಡಿದ್ದ, ಆದರೆ ಗುಟ್ಟಾಗಿ ಇಟ್ಟಿದ್ದ. ಪೇಟೆಂಟ್ ಜಗಳ ಅಮೆರಿಕದ ನ್ಯಾಯಾಲಯಕ್ಕೆ ಹೋದಾಗ, 1983ರಲ್ಲಿ ತೀರ್ಪು ಗೋರ್ ಕಡೆ ವಾಲಿತು. ಮುಚ್ಚಿಟ್ಟದ್ದು ಲೋಕಕ್ಕೆ ಸಿಗಲಿಲ್ಲ, ಬಹಿರಂಗ ಮಾಡಿದವನಿಗೇ ಹಕ್ಕು ಅನ್ನೋದು ಅದರ ಸಾರ. ಕೋಡ್ ಬರೆಯುವ ನಮ್ಮಂಥವರು ಯೋಚಿಸಬೇಕಾದ ಮಾತು.

ಮೊದಲ ತಲೆಮಾರಿನ ಜಾಕೆಟ್ಟುಗಳು ಮೈಯ ಜಿಡ್ಡು ಹತ್ತಿ ಸೋರಿದವು. ಆಮೇಲೆ ಪೊರೆಯ ಒಳಗೆ ಪಾಲಿಯುರಿಥೇನ್ ಪದರ ಹಚ್ಚಿದರು. ಜಾಕೆಟ್ ತೊಳೆಯೋದು ಯಾಕೆ ಮುಖ್ಯ ಅನ್ನೋದಕ್ಕೆ ಇದೇ ಮೊದಲ ಪಾಠ.

ಹಾಗಾದ್ರೆ ಸಿಂಹಗಡದಲ್ಲಿ ಏನಾಯ್ತು?

ಆವಿ ತಾನಾಗಿ ಹೊರಗೆ ಹೋಗಲ್ಲ. ಒಳಗೆ ಒತ್ತಡ ಹೆಚ್ಚಿದ್ದು ಹೊರಗೆ ಕಡಿಮೆ ಇದ್ದರೆ ಮಾತ್ರ ಹೋಗುತ್ತೆ. ಬೆವರಿದ ಮೈಯ ಹತ್ತಿರ, 33 ಡಿಗ್ರಿಯಲ್ಲಿ, ಆವಿಯ ಒತ್ತಡ ಸುಮಾರು 50 ಮಿಲಿಬಾರ್. ಮೈನಸ್ 5 ಡಿಗ್ರಿಯ ಗುಲ್ಮಾರ್ಗ್‌ನಲ್ಲಿ ಹೊರಗೆ ಹೆಚ್ಚೆಂದರೆ 4. ವ್ಯತ್ಯಾಸ 46. ಜುಲೈನ ಘಾಟಿನಲ್ಲಿ, 23 ಡಿಗ್ರಿಯ ಮಂಜುಮಳೆಯಲ್ಲಿ, ಹೊರಗೇ ಸುಮಾರು 28. ವ್ಯತ್ಯಾಸ ಅರ್ಧಕ್ಕೂ ಕಡಿಮೆ. ಮೇಲಾಗಿ ಹೊರಬಟ್ಟೆ ನೆನೆದರೆ ಅದರ ಮೇಲೆ ನೀರಿನ ಪದರ ಕೂತು ಆವಿಯ ದಾರಿ ಬಹುಪಾಲು ಮುಚ್ಚುತ್ತೆ. ಜಾಕೆಟ್ ಸೋರಿಲ್ಲ. ಒಳಗಿರೋದು ನಿಮ್ಮದೇ ಬೆವರು.

ಅದಕ್ಕೇ ನನ್ನ ಮಾತು: ಸಹ್ಯಾದ್ರಿಯ ಮಳೆಗೆ ಸಡಿಲವಾದ ಪಾಂಚೋ ಸಾಕು, ಗಾಳಿ ಇಲ್ಲದ ಕಡೆ ಕೊಡೆಯೂ ಆದೀತು. ಗೊರಬಿನ ತತ್ವ ಅದೇ. ದುಬಾರಿ ಜಾಕೆಟ್ಟನ್ನು ಹಿಮಕ್ಕೆ ಇಟ್ಟುಕೊಳ್ಳಿ.

ಆರಿಸೋದು, ಕಾಪಾಡೋದು

ಲೇಬಲ್ ಮೇಲೆ 10,000 ಮಿಲಿಮೀಟರ್ ಅಂತಿದ್ದರೆ, ಪರೀಕ್ಷೆಯಲ್ಲಿ ಬಟ್ಟೆ 10 ಮೀಟರ್ ಎತ್ತರದ ನೀರಿನ ಒತ್ತಡ ತಡೆದಿದೆ ಅಂತ ಅರ್ಥ. ಸ್ಕೀ ಕಲಿಯುವವರು ಹಿಮದಲ್ಲಿ ಬಿದ್ದು ಎದ್ದು ಮಾಡ್ತಾರೆ, ಅದಕ್ಕೆ 15,000ದಿಂದ 20,000 ಒಳ್ಳೇದು. ಆದರೆ ಈ ಸಂಖ್ಯೆಗಿಂತ ಮೊದಲು ಹೊಲಿಗೆಗಳ ಒಳಗೆ ಟೇಪ್ ಹಾಕಿದ್ದಾರಾ, ಕಂಕುಳಲ್ಲಿ ಜಿಪ್ ಇದೆಯಾ, ಟೋಪಿ ಹೆಲ್ಮೆಟ್ ಮೇಲೆ ಕೂರುತ್ತಾ, ಸೊಂಟದಲ್ಲಿ ಹಿಮ ತಡೆಯುವ ಪಟ್ಟಿ ಇದೆಯಾ ನೋಡಿ. ಕಂಕುಳ ಜಿಪ್ ಯಾವ ಪೊರೆಗಿಂತಲೂ ಬೇಗ ಆವಿ ಬಿಡುತ್ತೆ. ಒಳಗೆ ಹತ್ತಿ ಬನಿಯನ್ ಬೇಡ, ಅದು ಬೆವರು ಕುಡಿದು ತಣ್ಣಗಾಗುತ್ತೆ. ಉಣ್ಣೆ ಇರಲಿ. ಕಂಬಳಿಯ ಪಾಠ ಅದು.

ಹೊರಬಟ್ಟೆಯ ಮೇಲೆ ನೀರು ಮುತ್ತಿನಂತೆ ಉರುಳಲಿ ಅಂತ ಒಂದು ಲೇಪ ಇರುತ್ತೆ. ಹಿಂದೆ ಇದಕ್ಕೆ ಫ್ಲೋರಿನ್ ರಾಸಾಯನಿಕಗಳನ್ನು ಬಳಸುತ್ತಿದ್ದರು. ಅವು ಮಣ್ಣು ನೀರಿನಲ್ಲಿ ಕರಗಿ ಹಾಳಾಗದೆ ಉಳಿಯುತ್ತವೆ ಅನ್ನೋದೇ ತೊಂದರೆ. ಅವುಗಳಲ್ಲೊಂದಾದ ಪಿಎಫ್‌ಒಎ 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧದ ಪಟ್ಟಿಗೆ ಸೇರಿತು. ಹೊಸ ಜಾಕೆಟ್ಟುಗಳ ಫ್ಲೋರಿನ್‌ರಹಿತ ಲೇಪ ನೀರನ್ನು ತಡೆಯುತ್ತೆ, ಎಣ್ಣೆಜಿಡ್ಡನ್ನು ತಡೆಯಲ್ಲ. ಹಾಗಾಗಿ ಇವನ್ನು ಇನ್ನೂ ಹೆಚ್ಚು ಸಲ ತೊಳೀಬೇಕು. ‘ತೊಳೆದರೆ ಹಾಳಾಗುತ್ತೆ’ ಅನ್ನೋದು ಬರೀ ಹೆದರಿಕೆ. ಜಾಕೆಟ್ಟನ್ನು ಹಾಳು ಮಾಡೋದು ಕೊಳೆ.

ತೊಳೆಯೋದು ಹೀಗೆ: ಜಿಪ್ ಎಲ್ಲಾ ಹಾಕಿ. ಪುಡಿ ಬೇಡ, ದ್ರವ ಸೋಪು ಸ್ವಲ್ಪ ಸಾಕು. ಫ್ಯಾಬ್ರಿಕ್ ಕಂಡಿಷನರ್ ಅಂತೂ ಮುಟ್ಟಲೇಬೇಡಿ. ಎರಡು ಸಲ ಜಾಲಿಸಿ, ಹಿಂಡದೆ ಒಣಗಿಸಿ. ಒಣಗಿದ ಮೇಲೆ ಲೇಬಲ್ ಒಪ್ಪಿದರೆ ಮೇಲೊಂದು ತೆಳು ಬಟ್ಟೆ ಹಾಸಿ ಕಡಿಮೆ ಬಿಸಿಯ ಇಸ್ತ್ರಿ ಆಡಿಸಿ. ಬಿಸಿಗೆ ಹೊರಲೇಪ ಮತ್ತೆ ಚುರುಕಾಗುತ್ತೆ. ಆಮೇಲೆ ನೀರು ಚಿಮುಕಿಸಿ ನೋಡಿ. ಹನಿ ಉರುಳಿದರೆ ಸರಿ. ಬಟ್ಟೆ ಕಪ್ಪಾಗಿ ನೆನೆದರೆ ಅದಕ್ಕೆಂದೇ ಸಿಗುವ ಲೇಪದ ಸ್ಪ್ರೇ ಹಾಕಿ.

ಕೊನೆಯದು, ನಮ್ಮ ಹವೆಗೆ ಮುಖ್ಯವಾದದ್ದು. ಅಗ್ಗದ ಜಾಕೆಟ್ಟುಗಳ ಪಾಲಿಯುರಿಥೇನ್ ಲೇಪ ತೇವ ಮತ್ತು ಸೆಖೆಗೆ ನಿಧಾನವಾಗಿ ಕಳಚಿಕೊಳ್ಳುತ್ತೆ. ಮಡಚಿ ಚೀಲಕ್ಕೆ ತುರುಕಿ ಅಟ್ಟಕ್ಕೆ ಎಸೆದರೆ ಎರಡು ಮಳೆಗಾಲ ಕಳೆಯೋದರಲ್ಲಿ ಒಳಗೆಲ್ಲ ಅಂಟು, ಹೊಪ್ಪಳೆ. ಪೂರ್ತಿ ಒಣಗಿಸಿ, ಹ್ಯಾಂಗರ್‌ಗೆ ಹಾಕಿ, ಗಾಳಿಯಾಡುವ ಬೀರುವಿನಲ್ಲಿ ತೂಗುಹಾಕಿ.

ಮಳೆ ಬೆವರು ಎರಡನ್ನೂ ಎಲ್ಲಾ ಕಡೆ ಗೆಲ್ಲುವ ಬಟ್ಟೆಯನ್ನು ಇನ್ನೂ ಯಾರೂ ನೇಯ್ದಿಲ್ಲ. ಹವೆ ನೋಡಿ ಉಡೋದು ಗೊರಬು ಕಟ್ಟಿದವರಿಗೆ ಗೊತ್ತಿತ್ತು. ಕಾರ್ಡ್ ಉಜ್ಜುವ ಮೊದಲು ನಾವೂ ಅದನ್ನೇ ಕೇಳಿಕೊಂಡರೆ ದುಡ್ಡೂ ಉಳಿಯುತ್ತೆ, ಮೈಯೂ ಬೆಚ್ಚಗಿರುತ್ತೆ.