ನೆಸ್ಟಿಂಗ್ ಸಾಫ್ಟ್‌ವೇರ್ ಬಳಸಿದರೆ ವೇಸ್ಟೇ ಆಗುವುದಿಲ್ಲವೇ? ನಿಜ ಇಲ್ಲಿದೆ

"ಸಿಎನ್‌ಸಿ ಕಟಿಂಗ್‌ಗೆ ನೆಸ್ಟಿಂಗ್ ಸಾಫ್ಟ್‌ವೇರ್ ಹಾಕಿಸಿ, ಒಂದು ಚೂರೂ ವೇಸ್ಟ್ ಆಗುವುದಿಲ್ಲ" ಎಂಬಂಥ ಮಾತು ನಿಮ್ಮ ಫೋನಿಗೂ ಬಂದಿರಬಹುದು. ಇದರಲ್ಲಿ ಅರ್ಧ ನಿಜ, ಅರ್ಧ ಸುಳ್ಳು. ಉಳಿತಾಯ ಆಗುವುದು ನಿಜ. ವೇಸ್ಟ್ ಸೊನ್ನೆಯಾಗುತ್ತದೆ ಎಂಬುದು ಸುಳ್ಳು.

ನೆಸ್ಟಿಂಗ್ ಎಂದರೇನು?

ಬಟ್ಟೆ ಕತ್ತರಿಸುವ ಮೊದಲು ಟೈಲರ್ ತೋಳು, ಬೆನ್ನು, ಕಾಲರ್‌ಗಳ ಗುರುತನ್ನು ಅತ್ತಿತ್ತ ತಿರುಗಿಸಿ ಹೊಂದಿಸುತ್ತಾರಲ್ಲ, ಅದೇ ಕೆಲಸ ಇದು. ಸಿಎನ್‌ಸಿ ಎಂದರೆ ಕಂಪ್ಯೂಟರ್ ಕೊಟ್ಟ ಗೆರೆಯಂತೆ ಪ್ಲೈವುಡ್, ತಗಡು ಮುಂತಾದವನ್ನು ಕತ್ತರಿಸುವ ಯಂತ್ರ. ಶೀಟಿನ ಯಾವ ಜಾಗದಲ್ಲಿ ಯಾವ ತುಂಡು ಬರಬೇಕು ಎಂದು ನೆಸ್ಟಿಂಗ್ ಸಾಫ್ಟ್‌ವೇರ್ ಮೊದಲೇ ಲೆಕ್ಕ ಹಾಕುತ್ತದೆ.

ಎಷ್ಟು ಉಳಿಯುತ್ತದೆ?

ನಾವೇ ಒಂದು ಲೆಕ್ಕ ಮಾಡೋಣ. 8×4 ಅಡಿ ಪ್ಲೈವುಡ್ ಶೀಟ್ ಎಂದರೆ ಸುಮಾರು 2440×1220 ಮಿ.ಮೀ. ಇದರಲ್ಲಿ 700×500 ಮಿ.ಮೀ. ಅಳತೆಯ ಹಲಗೆಗಳು ಬೇಕು. ಎಲ್ಲವನ್ನೂ ಒಂದೇ ದಿಕ್ಕಿಗೆ ಇಟ್ಟರೆ 6 ಸಿಗುತ್ತವೆ. ಒಂದು ಸಾಲಿನಲ್ಲಿ 3 ಹಲಗೆಗಳನ್ನು ಉದ್ದಕ್ಕೆ, ಇನ್ನೊಂದು ಸಾಲಿನಲ್ಲಿ 4 ಹಲಗೆಗಳನ್ನು ಅಡ್ಡಕ್ಕೆ ಇಟ್ಟರೆ 7 ಸಿಗುತ್ತವೆ. ವೇಸ್ಟ್ ಸುಮಾರು ಶೇ 29ರಿಂದ ಶೇ 18ಕ್ಕೆ ಇಳಿಯುತ್ತದೆ. 84 ಹಲಗೆ ಬೇಕಿದ್ದರೆ 14 ಶೀಟ್ ಬದಲು 12 ಸಾಕು!

ಹಾಗಾದರೆ ಸೊನ್ನೆ ಏಕೆ ಆಗದು?

1. ಆಕಾರ: ಒಂದೇ ಅಳತೆಯ ವೃತ್ತಗಳನ್ನು ಎಷ್ಟೇ ಒತ್ತಾಗಿ ಜೋಡಿಸಿದರೂ ಜಾಗದ ಸುಮಾರು ಶೇ 90.7 ಮಾತ್ರ ತುಂಬುತ್ತದೆ. ಇದು ಗಣಿತದಲ್ಲಿ ಸಾಬೀತಾದ ಮಿತಿ. ಯಾವ ಸಾಫ್ಟ್‌ವೇರೂ ಇದನ್ನು ದಾಟಲಾರದು.

2. ಕತ್ತರಿಸುವ ಗೆರೆ: 6 ಮಿ.ಮೀ. ರೂಟರ್ ಬಿಟ್ ಹೋದಲ್ಲೆಲ್ಲ ಅಷ್ಟು ಅಗಲದ ಮರ ಪುಡಿಯಾಗುತ್ತದೆ. ಲೇಸರ್‌ನಲ್ಲಿ ಈ ನಷ್ಟ ಕಡಿಮೆ, ಆದರೆ ಇದ್ದೇ ಇರುತ್ತದೆ.

3. ಗ್ರೇನ್: ಮೇಲ್ಮೈಯಲ್ಲಿ ಮರದ ಗೆರೆಗಳು ಕಾಣುವ ಶೀಟಿನಲ್ಲಿ ಹಲಗೆಯನ್ನು ಅಡ್ಡ ತಿರುಗಿಸಿದರೆ ಬೀರುವಿನ ಒಂದು ಬಾಗಿಲಲ್ಲಿ ಗೆರೆ ನೇರ, ಇನ್ನೊಂದರಲ್ಲಿ ಅಡ್ಡ ಬರುತ್ತದೆ. ಹೀಗಾಗಿ ತಿರುಗಿಸುವಂತಿಲ್ಲ ಎಂದಾದರೆ ಮೇಲಿನ ಲೆಕ್ಕ ಮತ್ತೆ 6ಕ್ಕೇ ಬಂದು ನಿಲ್ಲುತ್ತದೆ.

ಇನ್ನೊಂದು ವಿಷಯ. ತುಂಡುಗಳು ಹೆಚ್ಚಾದಂತೆ ಸಾಧ್ಯವಿರುವ ಎಲ್ಲ ಜೋಡಣೆಗಳನ್ನೂ ನೋಡಿ ಮುಗಿಸಲು ಕಂಪ್ಯೂಟರಿಗೂ ಆಗದು. ಹಲವನ್ನು ಪ್ರಯತ್ನಿಸಿ, ಸಿಕ್ಕಿದ್ದರಲ್ಲಿ ಒಳ್ಳೆಯದನ್ನು ಅದು ತೋರಿಸುತ್ತದೆ.

ಕೊಳ್ಳುವ ಮುನ್ನ ಏನು ಮಾಡಬೇಕು?

ಮಾರಾಟಗಾರರ ಮಾದರಿ ಚಿತ್ರ ನೋಡಿ ಹಣ ಕೊಡಬೇಡಿ. ನೀವು ಈಗಾಗಲೇ ಮುಗಿಸಿದ ಒಂದು ಆರ್ಡರ್‌ನ ಅಳತೆಗಳನ್ನೇ ಕೊಟ್ಟು, ಬಿಟ್ಟಿನ ಅಗಲ ಮತ್ತು ಗ್ರೇನ್ ದಿಕ್ಕನ್ನೂ ಸೇರಿಸಿ, ಎಷ್ಟು ಶೀಟ್ ಬೇಕಾಗುತ್ತದೆ ಎಂದು ತೋರಿಸಲು ಹೇಳಿ. ನೀವು ನಿಜವಾಗಿ ಬಳಸಿದ ಶೀಟುಗಳ ಲೆಕ್ಕದೊಂದಿಗೆ ಹೋಲಿಸಿ. ಡೀಪ್‌ನೆಸ್ಟ್, ಎಸ್‌ವಿಜಿನೆಸ್ಟ್‌ನಂಥ ಉಚಿತ ತಂತ್ರಾಂಶಗಳೂ ಇವೆ, ಮೊದಲು ಅವುಗಳಲ್ಲಿ ಪ್ರಯತ್ನಿಸಬಹುದು. ಉಳಿದ ದೊಡ್ಡ ತುಂಡುಗಳ ಮೇಲೆ ಅಳತೆ ಬರೆದಿಟ್ಟರೆ ಮುಂದಿನ ಕೆಲಸಕ್ಕೆ ಅವೂ ಒದಗುತ್ತವೆ.

ಒಟ್ಟಿನಲ್ಲಿ, ನೆಸ್ಟಿಂಗ್‌ನಿಂದ ವೇಸ್ಟ್ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. "ಸೊನ್ನೆ ವೇಸ್ಟ್" ಎಂಬ ಸಂದೇಶ ಬಂದರೆ ಮುಂದೆ ಕಳಿಸುವ ಮುನ್ನ ಈ ಲೆಕ್ಕವನ್ನೊಮ್ಮೆ ನೆನಪಿಸಿಕೊಳ್ಳಿ.